ಬರ್ಗಂಡಿಯ ಬೋನ್‌ಗೆ ಹೋಗುವವರಿಗೆ: ಹಬ್ಬ, ಹಳೇ ಊರು, ದ್ರಾಕ್ಷಿತೋಟ ಮೂರೂ ಕೈತಪ್ಪದಂತೆ ನೋಡಲು ಸಮಗ್ರ ಮಾರ್ಗದರ್ಶಿ

ಪ್ಯಾರಿಸ್‌ಗೆ ಬಂದವರು ‘ಒಂದು ದಿನ ಬಿಡುವಿದೆ, ಬರ್ಗಂಡಿ ನೋಡಿಕೊಂಡು ಬರ್ತೀವಿ’ ಎಂದು ಹೊರಟು, ಸಂಜೆ ಸಪ್ಪೆ ಮುಖ ಹೊತ್ತು ವಾಪಸು ಬರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನಾನಿರುವುದು ಲಿಯೋನ್‌ನಲ್ಲಿ. ಬರ್ಗಂಡಿ ಎಂದರೆ ಫ್ರಾನ್ಸ್‌ನ ಹೆಸರಾಂತ ವೈನ್ ಸೀಮೆ, ಬೋನ್ ಅದರ ನಡುವಿನ ಸಣ್ಣ ಊರು. ಬೋನ್‌ಗೆ ಇಲ್ಲಿಂದ ನೇರ ರೈಲಿದೆ. ಊರಿನಿಂದ ನೆಂಟರು, ಸ್ನೇಹಿತರು ಬಂದಾಗಲೆಲ್ಲ ಅದೇ ಕಥೆ ಕೇಳುತ್ತೇನೆ: ವೈನ್ ಇಡುವ ನೆಲಮಾಳಿಗೆ ಬಾಗಿಲು ಹಾಕಿತ್ತು, ಊಟ ಸಿಗಲಿಲ್ಲ, ಹಬ್ಬ ಹೋದ ವಾರವೇ ಮುಗಿದಿತ್ತು, ಹೋಟೆಲ್ ಕೋಣೆ ಕೇಳಿದರೆ ನಕ್ಕರು.

ಇವರು ಎಡವುವುದು ಒಂದೇ ಕಡೆ. ಮೊದಲು ವಿಮಾನದ ಟಿಕೆಟ್, ಆಮೇಲೆ ಪ್ಯಾರಿಸ್‌ನಲ್ಲಿ ಹೋಟೆಲ್, ಕೊನೆಗೆ ಬರ್ಗಂಡಿ. ಇದನ್ನು ತಿರುಗಿಸಬೇಕು. ಹಬ್ಬದ ದಿನ ಮೊದಲು, ಮಲಗುವ ಜಾಗ ಎರಡನೆಯದು, ನೆಲಮಾಳಿಗೆಯ ಸಮಯ ಮೂರನೆಯದು, ಉಳಿದದ್ದೆಲ್ಲ ಆಮೇಲೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಕನಿಷ್ಠ ಮೂರು ರಾತ್ರಿ ಎತ್ತಿಡಿ. ಅಷ್ಟು ಆಗದಿದ್ದರೆ ಈ ಸಲ ಬಿಟ್ಟು ಮುಂದಿನ ಸಲ ಹೋಗಿ ಎಂದೇ ನನ್ನ ಸಲಹೆ.

1. ಮೊದಲು ಹಬ್ಬದ ದಿನ ಗೊತ್ತುಮಾಡಿಕೊಳ್ಳಿ

ಬರ್ಗಂಡಿಯ ದೊಡ್ಡ ಹಬ್ಬಗಳು ತಾರೀಖಿಗೆ ಬರುವುದಿಲ್ಲ, ವಾರಕ್ಕೆ ಬರುತ್ತವೆ. ‘ನವೆಂಬರ್‌ನಲ್ಲಿ ಹಬ್ಬ’ ಎಂದು ಯಾರೋ ಹೇಳಿದ್ದನ್ನು ನಂಬಿ ನವೆಂಬರ್ ಮೊದಲ ವಾರ ಹೋದವರಿದ್ದಾರೆ. ಅವರಿಗೆ ಸಿಕ್ಕಿದ್ದು ಖಾಲಿ ಬೀದಿ ಮತ್ತು ಮಂಜು.

ಜನವರಿಯ ಕೊನೆಯ ಶನಿವಾರ, ಭಾನುವಾರ ‘ಸಾಂ-ವಾಂಸಾಂ ತೂರ್ನಾಂತ್’. ದ್ರಾಕ್ಷಿ ಬೆಳೆಗಾರರ ರಕ್ಷಕ ಸಂತ ವಿನ್ಸೆಂಟನ ಹಬ್ಬ. ‘ತೂರ್ನಾಂತ್’ ಎಂದರೆ ಸುತ್ತುವುದು. ಪ್ರತಿ ವರ್ಷ ಬೇರೆ ಹಳ್ಳಿಯಲ್ಲಿ ನಡೆಯುತ್ತದೆ. 1938ರಿಂದ ಈ ಪದ್ಧತಿ ಇದೆ. ಆದ್ದರಿಂದ ಹೋದ ವರ್ಷದ ಹಳ್ಳಿಯ ಹೆಸರು ಹಿಡಿದು ಈ ವರ್ಷ ಕೋಣೆ ಹುಡುಕಬೇಡಿ. ಈ ಸಲದ ಹಳ್ಳಿ ಯಾವುದು, ಅದು ಬೋನ್‌ಗೆ ಹತ್ತಿರವೋ ಉತ್ತರದ ದೊಡ್ಡ ಊರು ಡಿಜೋನ್‌ಗೆ ಹತ್ತಿರವೋ ಎಂದು ನೋಡಿಕೊಂಡು ಮುಂದಿನ ಹೆಜ್ಜೆ ಇಡಿ.

ನವೆಂಬರ್‌ನ ಮೂರನೇ ಭಾನುವಾರ ಬೋನ್‌ನ ಧರ್ಮಾಸ್ಪತ್ರೆ ‘ಓಸ್ಪಿಸ್ ದ ಬೋನ್’ ತನ್ನ ತೋಟಗಳ ವೈನನ್ನು ಹರಾಜು ಹಾಕುತ್ತದೆ. ಮೊದಲ ಹರಾಜು ನಡೆದದ್ದು 1859ರಲ್ಲಿ. ಬಾಟಲಿಯಲ್ಲ, ಪೀಪಾಯಿ ಲೆಕ್ಕದ ಮಾರಾಟ. ಒಂದು ಪೀಪಾಯಿ 228 ಲೀಟರ್, ಸುಮಾರು 300 ಬಾಟಲಿ. ಹಿಂದಿನ ದಿನ ವೂಜೋ ಕೋಟೆಮನೆಯಲ್ಲಿ ಔತಣ, ಮರುದಿನ ಸೋಮವಾರ ಮೆರ್ಸೋ ಹಳ್ಳಿಯಲ್ಲಿ ‘ಪೋಲೆ’ ಎಂಬ ಭೋಜನ. ಈ ಎರಡು ಊಟಗಳಿಗೆ ದಾರಿಹೋಕರಿಗೆ ಪ್ರವೇಶವಿಲ್ಲ. ಹರಾಜಿನ ಮಂಟಪವೂ ಹೆಚ್ಚುಕಡಿಮೆ ವ್ಯಾಪಾರಿಗಳದ್ದೇ. ನಮಗೆ ಸಿಗುವುದು ಬೀದಿಯ ಹಬ್ಬ, ಮತ್ತು ಅದು ಸಣ್ಣದಲ್ಲ.

ಚಳಿ ಆಗದವರಿಗೆ, ವಯಸ್ಸಾದ ಅಪ್ಪ ಅಮ್ಮನ ಜೊತೆ ಬರುವವರಿಗೆ, ನಾನು ಹೇಳುವುದು ಸೆಪ್ಟೆಂಬರ್‌ನ ಮೂರನೇ ವಾರಾಂತ್ಯ. ಅಂದು ಇಡೀ ಫ್ರಾನ್ಸ್‌ನಲ್ಲಿ ಪರಂಪರೆಯ ದಿನಗಳು. ವರ್ಷವಿಡೀ ಮುಚ್ಚಿರುವ ಎಷ್ಟೋ ಹಳೇ ಕಟ್ಟಡಗಳ ಬಾಗಿಲು ಅಂದು ತೆರೆಯುತ್ತದೆ. ಸಂಗೀತ ಇಷ್ಟಪಡುವವರಿಗೆ ಜುಲೈನಲ್ಲಿ ಬೋನ್‌ನ ಬರೋಕ್ ಒಪೆರಾ ಉತ್ಸವ ಇದೆ.

ಎಚ್ಚರಿಕೆ: ದ್ರಾಕ್ಷಿ ಕೊಯ್ಲು ಹಬ್ಬವಲ್ಲ, ಕೆಲಸ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಆ ವರ್ಷದ ಬಿಸಿಲು ನೋಡಿ ಕೊಯ್ಲು ಶುರುಮಾಡುತ್ತಾರೆ. ಆ ಎರಡು ಮೂರು ವಾರ ಸಣ್ಣ ಮನೆತನದವರು ಅತಿಥಿಗಳನ್ನು ಬಿಟ್ಟುಕೊಳ್ಳುವುದೇ ಅಪರೂಪ. ನಮ್ಮಲ್ಲಿ ಭತ್ತದ ಒಕ್ಕಣೆ ದಿನ ಕಣಕ್ಕೆ ಹೋಗಿ ‘ಕಾಫಿ ಕೊಡ್ತೀರಾ, ಮನೆ ತೋರಿಸ್ತೀರಾ’ ಎಂದು ಕೇಳಿದ ಹಾಗಾಗುತ್ತದೆ. ಕೊಯ್ಲು ನೋಡುವ ಆಸೆಯಿದ್ದರೆ ರಸ್ತೆಬದಿಯಲ್ಲಿ ನಿಂತು ನೋಡಿ. ವೈನ್ ರುಚಿಯ ಆಸೆಯಿದ್ದರೆ ಮೇ, ಜೂನ್ ಅಥವಾ ಅಕ್ಟೋಬರ್ ಹಿಡಿಯಿರಿ. ಆಗಸ್ಟ್ ಮೊದಲ ಪಕ್ಷವೂ ಬೇಡ, ಅರ್ಧಕ್ಕರ್ಧ ಜನ ರಜೆಯ ಮೇಲಿರುತ್ತಾರೆ.

2. ವೀಸಾ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಆಸೆ ಬಿಡಿ. ನವೆಂಬರ್ ಹಬ್ಬಕ್ಕೆ ಆಗಸ್ಟ್‌ನಲ್ಲೇ ಅರ್ಜಿ ಹಾಕಿದರೆ ನೆಮ್ಮದಿ. ಬೆಂಗಳೂರಿನಲ್ಲೇ ಅರ್ಜಿ ಕೇಂದ್ರವಿದೆ, ದೆಹಲಿಗೆ ಓಡಬೇಕಿಲ್ಲ.

ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ನೀವು ಯುರೋಪ್ ಬಿಡುವ ದಿನದಿಂದ ಮುಂದೆ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಪ್ರವಾಸ ವಿಮೆ ಕನಿಷ್ಠ 30,000 ಯೂರೋದ್ದು.

ಇಲ್ಲಿ ಆಗುವ ತಪ್ಪು ಒಂದೇ: ಅರ್ಜಿಯಲ್ಲಿ ಎಲ್ಲ ರಾತ್ರಿಯೂ ಪ್ಯಾರಿಸ್ ಎಂದು ತೋರಿಸುವುದು, ಅಥವಾ ಬೋನ್‌ನ ಮೂರು ರಾತ್ರಿಯನ್ನು ಖಾಲಿ ಬಿಡುವುದು. ಪ್ರತಿ ರಾತ್ರಿಗೂ ಮಲಗುವ ಜಾಗದ ಕಾಗದ ಇರಲೇಬೇಕು. ಅದಕ್ಕೇ ಮುಂದಿನ ಹಂತವನ್ನು ವೀಸಾ ಅರ್ಜಿಗೆ ಮುಂಚೆ, ರದ್ದು ಮಾಡಲು ಅವಕಾಶವಿರುವ ಕೋಣೆ ಹಿಡಿದು, ಮುಗಿಸಿಕೊಳ್ಳಿ.

3. ಮಲಗುವ ಊರು ಯಾವುದು

ನಕ್ಷೆ ತೆರೆದು ನೋಡಿ. ಉತ್ತರಕ್ಕೆ ಡಿಜೋನ್, ಅಲ್ಲಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಬೋನ್, ಇನ್ನೂ ಕೆಳಗೆ ಸಾಂತ್ನೇ. ಈ ಮೂರನ್ನೂ ಪೋಣಿಸಿದ ಹಾಗೆ ಒಂದು ಸಣ್ಣ ಗುಡ್ಡದ ಸಾಲು. ಪೂರ್ವಕ್ಕೆ ಮುಖಮಾಡಿದ ಅದರ ಇಳಿಜಾರಿನಲ್ಲಿ ದ್ರಾಕ್ಷಿತೋಟಗಳು. ನೀವು ಕೇಳಿರುವ ದೊಡ್ಡ ಹೆಸರುಗಳಲ್ಲಿ ಬಹುಪಾಲು ಈ ಪಟ್ಟಿಯೊಳಗೇ ಇವೆ.

ಕಾರಿಲ್ಲದವರಿಗೆ ಬೋನ್ ಒಳ್ಳೆಯದು. ಕೋಟೆಗೋಡೆಯೊಳಗಿನ ಊರನ್ನು ನಡೆದೇ ನೋಡಬಹುದು, ಗೋಡೆ ದಾಟಿ ಅರ್ಧ ಗಂಟೆ ನಡೆದರೆ ದ್ರಾಕ್ಷಿತೋಟ. ಮಕ್ಕಳಿದ್ದರೆ, ಸಂಜೆಯ ಗದ್ದಲ ಬೇಕೆಂದರೆ, ಸಸ್ಯಾಹಾರ ಸುಲಭವಾಗಿ ಸಿಗಬೇಕೆಂದರೆ ಡಿಜೋನ್ ಮೇಲು. ಎರಡರ ನಡುವೆ ಟಿಇಆರ್ ಎಂಬ ಪ್ರಾದೇಶಿಕ ರೈಲಿನಲ್ಲಿ 20 ರಿಂದ 25 ನಿಮಿಷ.

ಹರಾಜಿನ ವಾರಾಂತ್ಯಕ್ಕೆ ಬೋನ್‌ನಲ್ಲಿ ಕೋಣೆ ಸಿಗಲಿಲ್ಲವೆಂದು ಕೈಚೆಲ್ಲಬೇಡಿ. ಡಿಜೋನ್ ನೋಡಿ, ದಕ್ಷಿಣದ ಶಾನ್ಯಿ ಮತ್ತು ಶಾಲೋನ್-ಸುರ್-ಸೋನ್ ನೋಡಿ. ಎಲ್ಲವೂ ಅದೇ ರೈಲುಹಾದಿಯ ಮೇಲಿವೆ. ರಾತ್ರಿಯ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂದು ಮಾತ್ರ ಕೋಣೆ ಹಿಡಿಯುವ ಮುಂಚೆಯೇ ನೋಡಿ, ಬರೆದಿಟ್ಟುಕೊಳ್ಳಿ. ಭಾನುವಾರದ ವೇಳಾಪಟ್ಟಿ ಬೇರೆ ಇರುತ್ತದೆ.

ಹಳ್ಳಿಯ ಮನೆಯಲ್ಲಿ ಉಳಿಯುವ ಆಸೆ ಎಲ್ಲರಿಗೂ ಇರುತ್ತದೆ, ಚಿತ್ರಗಳು ಹಾಗೆ ಸೆಳೆಯುತ್ತವೆ. ಕಾರಿಲ್ಲದಿದ್ದರೆ ಬೇಡ. ಸಂಜೆ ಆರಕ್ಕೆ ಬ್ರೆಡ್ಡಿನಂಗಡಿಯೂ ಮುಚ್ಚಿ, ಬಸ್ಸೂ ನಿಂತು, ಚೀಲದಲ್ಲಿದ್ದ ಬಿಸ್ಕತ್ತಿನಲ್ಲೇ ರಾತ್ರಿ ಕಳೆದ ಒಂದು ಕುಟುಂಬ ನನಗೆ ಗೊತ್ತು.

4. ರೈಲು: ಹೆಸರುಗಳಲ್ಲೇ ಇರುವ ಗುಂಡಿಗಳು

ಪ್ಯಾರಿಸ್‌ನಿಂದ ಡಿಜೋನ್‌ಗೆ ಅತಿವೇಗದ ರೈಲು ಟಿಜಿವಿ ಹೊರಡುವ ನಿಲ್ದಾಣದ ಹೆಸರು ‘ಗಾರ್ ದ ಲಿಯೋನ್’. ಹೆಸರಿನಲ್ಲಿ ಲಿಯೋನ್ ಇದ್ದರೂ ಇರುವುದು ಪ್ಯಾರಿಸ್‌ನಲ್ಲೇ. ಅಲ್ಲಿಂದ ಡಿಜೋನ್‌ಗೆ ಸುಮಾರು ಒಂದು ಗಂಟೆ ಮುಕ್ಕಾಲು. ಡಿಜೋನ್‌ನಲ್ಲಿ ಇಳಿದು ಟಿಇಆರ್ ಹತ್ತಿ ಬೋನ್‌ಗೆ ಹೋಗಬೇಕು.

ಇದಕ್ಕಿಂತ ಅಗ್ಗದ ದಾರಿಯೂ ಇದೆ. ಪ್ಯಾರಿಸ್‌ನ ಬೆರ್ಸಿ ನಿಲ್ದಾಣದಿಂದ ಟಿಇಆರ್ ರೈಲು ಡಿಜೋನ್, ಬೋನ್ ಮೂಲಕ ಲಿಯೋನ್‌ಗೆ ಹೋಗುತ್ತದೆ. ನಿಧಾನ, ಡಿಜೋನ್‌ಗೇ ಮೂರು ಗಂಟೆಯ ಹತ್ತಿರ ಹಿಡಿಯುತ್ತದೆ. ಆದರೆ ಕಿಟಕಿಯಾಚೆ ಹಳ್ಳಿಗಾಡು ನೋಡುತ್ತ ಕೂರಬಹುದು. ನನಗೆ ಇದೇ ಇಷ್ಟ. ತಪ್ಪು ಆಗುವುದು ಎಲ್ಲಿ ಎಂದರೆ, ಟಿಕೆಟ್ಟಿನಲ್ಲಿ ಬೆರ್ಸಿ ಎಂದಿದ್ದರೂ ಗಾರ್ ದ ಲಿಯೋನ್‌ನಲ್ಲಿ ಹೋಗಿ ನಿಲ್ಲುವುದು. ಎರಡರ ನಡುವೆ ಸಾಮಾನು ಎಳೆದುಕೊಂಡು ಹೋದರೆ ಕಾಲು ಗಂಟೆ ನಡಿಗೆ. ರೈಲು ಕಾಯುವುದಿಲ್ಲ.

ಇನ್ನೆರಡು ಗುಂಡಿ. ಡಿಜೋನ್‌ನಲ್ಲಿ ಎರಡು ನಿಲ್ದಾಣ ಇವೆ, ನಿಮಗೆ ಬೇಕಾದದ್ದು ‘ಡಿಜೋನ್-ವಿಲ್’. ಬೋನ್ ಹೆಸರಿನದೂ ಇದೇ ಗೊಂದಲ. ಬೋನ್-ಲಾ-ರೋಲಾಂದ್ ಎಂಬ ಬೇರೊಂದು ಊರು ಪ್ಯಾರಿಸ್‌ನ ದಕ್ಷಿಣಕ್ಕಿದೆ, ಜರ್ಮನಿಯ ಬಾನ್ ಇನ್ನೊಂದು. ಕೋಣೆ ಹಿಡಿಯುವಾಗ ಅಂಚೆ ಸಂಖ್ಯೆ 21200 ಎಂದಿದೆಯೇ ನೋಡಿ. ಹಾಗಿದ್ದರೆ ನಿಮ್ಮ ಬೋನ್ ಅದೇ.

ವಿಮಾನ ನಿಲ್ದಾಣದಿಂದ ನೇರ ಬರುವವರು ಪ್ಯಾರಿಸ್‌ನ ನಗರ ರೈಲಾದ ಆರ್‌ಇಆರ್ ‘ಬಿ’ ರೈಲು ಹಿಡಿದು ಶಾತ್ಲೆ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ‘ಎ’ ಅಥವಾ ‘ಡಿ’ ಹತ್ತಿ ಗಾರ್ ದ ಲಿಯೋನ್ ಸೇರಬೇಕು. ವಿಮಾನ ಇಳಿಯುವ ಹೊತ್ತಿಗೂ ಟಿಜಿವಿಗೂ ನಡುವೆ ನಾಲ್ಕು ಗಂಟೆ ಬಿಡಿ. ಪಾಸ್‌ಪೋರ್ಟ್ ತಪಾಸಣೆಯ ಸಾಲು ನಿಮ್ಮ ಕೈಯಲ್ಲಿಲ್ಲ.

ಕಾರು ಬಾಡಿಗೆಗೆ ಹಿಡಿಯುವವರು ಊರು ಬಿಡುವ ಮೊದಲೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಮೂಲ ಲೈಸೆನ್ಸ್ ಕೂಡ ಜೊತೆಗಿರಲಿ. ಇಲ್ಲಿ ಓಡಿಸುವುದು ಬಲಬದಿಗೆ. ಹಳ್ಳಿಗಳಲ್ಲಿ ಬೇರೆ ಫಲಕವಿಲ್ಲದಿದ್ದರೆ ಬಲಗಡೆಯ ಸಂದಿಯಿಂದ ಬರುವವನಿಗೆ ಮೊದಲ ಹಕ್ಕು. ಸಣ್ಣ ಓಣಿಯಿಂದ ಟ್ರ್ಯಾಕ್ಟರ್ ನೇರ ನುಗ್ಗಿದರೆ ತಪ್ಪು ಅವನದಲ್ಲ, ನಿಮ್ಮದು. ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ, ಹೊಸ ಚಾಲಕರಿಗೆ 0.2. ಕಾರು ಓಡಿಸುವವರು ಅಂದು ಕುಡಿಯಬಾರದು ಎಂದು ಹೊರಡುವ ಮುಂಚೆಯೇ ಮನೆಯಲ್ಲಿ ತೀರ್ಮಾನವಾಗಲಿ.

5. ನೆಲಮಾಳಿಗೆಗೆ ಮುಂಚೆಯೇ ಸಮಯ ಕೇಳಿ

ಅತಿ ಹೆಚ್ಚು ಜನ ಸೋಲುವ ಹಂತ ಇದು. ಬರ್ಗಂಡಿಯಲ್ಲಿ ವೈನ್ ಮಾಡುವ ಮನೆತನಕ್ಕೆ ‘ದೊಮೇನ್’ ಎನ್ನುತ್ತಾರೆ. ಬಹುತೇಕ ದೊಮೇನ್‌ಗಳು ನಿಜಕ್ಕೂ ಮನೆಗಳೇ. ಅಪ್ಪ, ಮಗಳು, ಒಬ್ಬ ಆಳು, ಒಂದು ನಾಯಿ. ಬಾಗಿಲಿಗೆ ಫಲಕವೂ ಇರುವುದಿಲ್ಲ. ಹೇಳದೆ ಕೇಳದೆ ಹೋಗಿ ಗಂಟೆ ಒತ್ತಿದರೆ ಯಾರೂ ತೆರೆಯುವುದಿಲ್ಲ. ತೆರೆದರೂ ಕೈಯಲ್ಲಿ ಕತ್ತರಿ ಹಿಡಿದು ನಿಂತಿರುತ್ತಾರೆ.

ಮೂರು ನಾಲ್ಕು ವಾರ ಮುಂಚೆ ಇಮೇಲ್ ಕಳಿಸಿ. ನೀವು ಯಾರು, ಎಷ್ಟು ಜನ, ಯಾವ ದಿನ, ಬೆಳಿಗ್ಗೆಯೋ ಮಧ್ಯಾಹ್ನವೋ ಎಂಬ ಎರಡು ಆಯ್ಕೆ, ಇಂಗ್ಲಿಷ್‌ನಲ್ಲಿ ಮಾತಾಡಬಹುದೇ, ರುಚಿಗೆ ಎಷ್ಟು ಶುಲ್ಕ, ಮಕ್ಕಳಿದ್ದಾರೆಯೇ, ಇಷ್ಟು ಸಾಕು. ಫ್ರೆಂಚ್‌ನಲ್ಲಿ ನಾಲ್ಕು ಸಾಲು ಬರೆಸಿ ಕಳಿಸಿದರೆ ಉತ್ತರ ಬೇಗ ಬರುತ್ತದೆ. ಐದು ಕಡೆ ಕೇಳಿದರೆ ಇಬ್ಬರು ಒಪ್ಪುತ್ತಾರೆ ಎಂದು ಇಟ್ಟುಕೊಳ್ಳಿ. ಜಗತ್ಪ್ರಸಿದ್ಧ ಹೆಸರಿನ ಹಿಂದೆ ಬೀಳಬೇಡಿ, ಅವರು ಪ್ರವಾಸಿಗಳಿಗೆ ಬಾಗಿಲು ತೆರೆಯುವುದಿಲ್ಲ. ಸಾವಿನ್ಯಿ, ಪೆರ್ನಾಂ, ಸಾಂತ್ನೇ, ಮಾರ್ಸನೇ ಹಳ್ಳಿಗಳ ಸಣ್ಣ ಮನೆಗಳಿಗೆ ಬರೆಯಿರಿ. ಕೂರಿಸಿ ಮಾತಾಡಿಸುವವರು ಅಲ್ಲಿ ಸಿಗುತ್ತಾರೆ.

ದಿನಕ್ಕೆ ಎರಡು ಮನೆ. ಬೆಳಿಗ್ಗೆ 10ಕ್ಕೆ ಒಂದು, ಮಧ್ಯಾಹ್ನ 2:30ಕ್ಕೆ ಇನ್ನೊಂದು. ಮೂರನೆಯದಕ್ಕೆ ನಾಲಿಗೆಯೂ ಸೋಲುತ್ತದೆ, ಸೌಜನ್ಯವೂ. 12ರಿಂದ 2ರವರೆಗೆ ಊಟದ ಹೊತ್ತು, ಯಾರೂ ಸಿಗುವುದಿಲ್ಲ. ಭಾನುವಾರ ಬೇಡ. ಸೋಮವಾರವೂ ಅನುಮಾನವೇ.

ನಮ್ಮ ಅತ್ತಿಗೆಯ ಮನೆಯವರು ಮೈಸೂರಿನಿಂದ ಬಂದಾಗ ಒಂದು ಕಡೆ ಸಮಯ ಗೊತ್ತುಮಾಡಿ, ದಾರಿಯಲ್ಲಿ ಫೋಟೊ ತೆಗೆಯುತ್ತ ನಲವತ್ತು ನಿಮಿಷ ತಡಮಾಡಿದರು. ‘ಭಾವ, ಅವರೇನು ಅಂದುಕೊಳ್ತಾರೆ, ಹಳ್ಳಿಯವರಲ್ವಾ’ ಎಂದು ನನಗೇ ಸಮಾಧಾನ ಹೇಳಿದರು. ಆ ಮನೆಯ ಅಜ್ಜಿ ಬಾಗಿಲಲ್ಲೇ ನಿಂತು, ಮಗ ತೋಟಕ್ಕೆ ಹೋದ ಎಂದಷ್ಟೇ ಹೇಳಿದರು. ತಪ್ಪು ನಮ್ಮದೇ. ತಡವಾದರೆ ಫೋನ್ ಮಾಡಿ, ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ.

6. ಬೋನ್ ಊರು: ಯಾವುದು ಮೊದಲು, ಯಾವುದು ಆಮೇಲೆ

ಬಂದ ದಿನ ಮಧ್ಯಾಹ್ನ ವೈನ್ ಸಂಗ್ರಹಾಲಯಕ್ಕೆ ಹೋಗಿ. 2023ರಲ್ಲಿ ತೆರೆದ ‘ಸಿತೆ ದೆ ಕ್ಲಿಮಾ’ ಬೋನ್‌ನಲ್ಲೇ ಇದೆ. ಮಣ್ಣು, ಇಳಿಜಾರು, ತಳಿ ಎಲ್ಲ ಅಲ್ಲಿ ಕಣ್ಣಿಗೆ ಕಾಣುವಂತೆ ತೋರಿಸುತ್ತಾರೆ. ಇದನ್ನು ಕೊನೆಯ ದಿನಕ್ಕೆ ಇಟ್ಟುಕೊಂಡವರು ‘ಮೊದಲೇ ನೋಡಿದ್ದರೆ ತೋಟದಲ್ಲಿ ಅರ್ಥವಾಗುತ್ತಿತ್ತು’ ಎನ್ನುತ್ತಾರೆ.

ಇಲ್ಲಿ ‘ಕ್ಲಿಮಾ’ ಎಂದರೆ ಹವಾಮಾನವಲ್ಲ. ಹೆಸರಿಟ್ಟು, ಗಡಿ ಗುರುತಿಸಿ, ನೂರಾರು ವರ್ಷ ಕಾಪಾಡಿಕೊಂಡು ಬಂದ ತುಂಡು ಹೊಲ. ನಮ್ಮಲ್ಲಿ ‘ಹುಣಸೆಮರದ ಹೊಲ’, ‘ಕೆರೆ ಹಿಂದಿನ ಗದ್ದೆ’ ಎಂದು ಹೊಲಕ್ಕೆ ಹೆಸರಿಲ್ಲವೇ, ಹಾಗೆ. ಇಂಥ 1,247 ತುಂಡುಗಳನ್ನು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ‘ಓತೆಲ್-ದ್ಯು’ ಎದುರು ಇರಿ. ಹರಾಜು ಹಾಕುವ ಧರ್ಮಾಸ್ಪತ್ರೆಯ ಹಳೇ ಕಟ್ಟಡ ಇದೇ. 1443ರಲ್ಲಿ ಬರ್ಗಂಡಿಯ ಡ್ಯೂಕನ ಮಂತ್ರಿ ನಿಕೊಲಾ ರೋಲಾಂ ಮತ್ತು ಅವರ ಪತ್ನಿ ಗೀಗೋನ್ ದ ಸಲಾಂ ಬಡರೋಗಿಗಳಿಗೆಂದು ಕಟ್ಟಿಸಲು ಶುರುಮಾಡಿದ ಆಸ್ಪತ್ರೆ ಇದು. ಬೀದಿಯಿಂದ ನೋಡಿದರೆ ಬೂದುಬಣ್ಣದ ಸಾದಾ ಚಾವಣಿ. ಎಷ್ಟೋ ಜನ ಬೀದಿಯಲ್ಲೇ ಒಂದು ಫೋಟೊ ತೆಗೆದು ‘ಇಷ್ಟೇನಾ’ ಎಂದು ಹೊರಟುಬಿಡುತ್ತಾರೆ. ಬಣ್ಣಬಣ್ಣದ ಮೆರುಗು ಹೆಂಚಿನ ಚಾವಣಿ ಕಾಣುವುದು ಟಿಕೆಟ್ ತೆಗೆದುಕೊಂಡು ಒಳಗಿನ ಅಂಗಳಕ್ಕೆ ಬಂದ ಮೇಲೆ. ಅಂಗಳದಲ್ಲಿ ನಿಂತು ಹತ್ತು ನಿಮಿಷ ಸುಮ್ಮನೆ ನೋಡಿ.

ಅಲ್ಲಿಂದ ರೋಗಿಗಳ ದೊಡ್ಡ ಕೋಣೆಗೆ ಹೋಗಿ. ಎರಡೂ ಗೋಡೆಗೆ ಕೆಂಪು ಪರದೆಯ ಮಂಚಗಳ ಸಾಲು, ತುದಿಯಲ್ಲಿ ಪ್ರಾರ್ಥನಾ ಮಂದಿರ. ರೋಹಿಯರ್ ವಾನ್ ಡರ್ ವೈಡೆನ್ ಬಿಡಿಸಿದ ‘ಅಂತಿಮ ತೀರ್ಪು’ ಹಲಗೆಚಿತ್ರ ಮೊದಲು ಇದ್ದದ್ದು ಆ ಮಂದಿರದಲ್ಲಿ, ಈಗ ಅದೇ ಕಟ್ಟಡದ ಬೇರೆ ಕೋಣೆಯಲ್ಲಿದೆ. ಮಂಚದಲ್ಲಿ ಮಲಗಿದವನ ದೃಷ್ಟಿ ಅದರ ಕಡೆಗೇ ಹೋಗಬೇಕು, ಹಾಗೆ ಕಟ್ಟಿದ್ದಾರೆ. ಈ ಕೋಣೆ ನೋಡದೆ ಚಿತ್ರದ ಹಿಂದೆ ಓಡಿದರೆ ಅದರ ತೂಕ ತಿಳಿಯುವುದಿಲ್ಲ. 1452ರ ಜನವರಿ 1ರಂದು ಮೊದಲ ರೋಗಿ ಬಂದ ಈ ಜಾಗದಲ್ಲಿ 1970ರ ದಶಕದವರೆಗೂ ರೋಗಿಗಳಿದ್ದರು. ಒಂದೂವರೆ ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ.

ಶನಿವಾರವಾದರೆ ಎದುರಿನ ಚೌಕದಲ್ಲೇ ಸಂತೆ. ಚೀಸ್, ಹಣ್ಣು, ಬ್ರೆಡ್ಡು ಕೊಂಡು ಚೀಲಕ್ಕೆ ಹಾಕಿಕೊಳ್ಳಿ, ಮಧ್ಯಾಹ್ನ ಉಪಯೋಗಕ್ಕೆ ಬರುತ್ತದೆ. ಹನ್ನೆರಡೂವರೆ ದಾಟಿದರೆ ಅಂಗಡಿ ಎತ್ತುತ್ತಿರುತ್ತಾರೆ.

7. ದ್ರಾಕ್ಷಿತೋಟದೊಳಗೆ ಒಂದು ದಿನ

ಇದಕ್ಕೆ ನಾನು ಹೇಳುವ ವಾಹನ ಸೈಕಲ್. ಬೋನ್‌ನಿಂದ ಸಾಂತ್ನೇವರೆಗೆ ಸುಮಾರು 22 ಕಿಲೋಮೀಟರಿನ ‘ವ್ವಾ ದೆ ವೀನ್ಯ್’, ಅಂದರೆ ದ್ರಾಕ್ಷಿಬಳ್ಳಿಗಳ ದಾರಿ, ಪೊಮಾರ್, ವೋಲ್ನೇ, ಮೆರ್ಸೋ, ಪುಲಿನ್ಯಿ, ಶಸಾನ್ಯ್ ಹಳ್ಳಿಗಳನ್ನು ಹಾದು ಹೋಗುತ್ತದೆ. ಬಹುಪಾಲು ತೋಟದ ದಾರಿ, ಕಾರುಗಳು ಕಡಿಮೆ. ನಕ್ಷೆಯಲ್ಲಿ ಸಪಾಟಾಗಿ ಕಾಣುತ್ತದೆ, ಕಾಲಿಗೆ ಹಾಗಲ್ಲ. ದಿನಾ ಸೈಕಲ್ ತುಳಿಯದವರು ಬ್ಯಾಟರಿ ಸೈಕಲನ್ನೇ ಬಾಡಿಗೆಗೆ ಹಿಡಿಯಿರಿ.

ಬೆಳಿಗ್ಗೆ 9ಕ್ಕೆ ಹೊರಡಿ. ಊಟದ ಹೊತ್ತಿಗೆ ಮೆರ್ಸೋದಲ್ಲಿರಬೇಕು. ಅದರಾಚೆ ಊಟದ ಜಾಗ ಕಡಿಮೆ. ಸಾಂತ್ನೇ ತಲುಪಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುವ ಶಕ್ತಿಯಿಲ್ಲದವರು ಕಾಲುವೆ ದಂಡೆ ಹಿಡಿದು ಶಾನ್ಯಿಗೆ ಬಂದು, ಸೈಕಲನ್ನು ಟಿಇಆರ್‌ಗೆ ಏರಿಸಿ ಬೋನ್‌ಗೆ ಮರಳಬಹುದು. ರೈಲಿನಲ್ಲಿ ಸೈಕಲ್‌ಗೆ ಜಾಗ ಸೀಮಿತ, ಒಂದು ರೈಲು ತಪ್ಪಿದರೆ ಇನ್ನೊಂದಕ್ಕೆ ಕಾಯುವಷ್ಟು ಹೊತ್ತು ಕೈಯಲ್ಲಿರಲಿ.

ಹೋಗುತ್ತ ಇಳಿಜಾರನ್ನು ಓದುವುದು ಕಲಿಯಿರಿ. ಗುಡ್ಡದ ನೆತ್ತಿಯಲ್ಲಿ ಕಾಡು, ಅಲ್ಲಿ ಮಣ್ಣು ತೆಳು, ಚಳಿ ಹೆಚ್ಚು. ನಡು ಇಳಿಜಾರಿನಲ್ಲಿ ಸುಣ್ಣಕಲ್ಲು ಬೆರೆತ ಮಣ್ಣು, ನೀರು ನಿಲ್ಲುವುದಿಲ್ಲ, ಬೆಳಗಿನ ಬಿಸಿಲು ನೇರ ಬೀಳುತ್ತದೆ. ಅತ್ಯುತ್ತಮ ದರ್ಜೆಯಾದ ‘ಗ್ರಾಂ ಕ್ರು’ ತೋಟಗಳು ಇಲ್ಲಿವೆ. ಅವುಗಳ ಅಕ್ಕಪಕ್ಕ, ಮೇಲೆ ಕೆಳಗೆ ‘ಪ್ರೆಮಿಯೆ ಕ್ರು’. ಇನ್ನೂ ಕೆಳಗೆ ಊರಿನ ಹೆಸರಿನ ವೈನ್. ಹೆದ್ದಾರಿ ದಾಟಿ ಸಪಾಟು ನೆಲಕ್ಕೆ ಬಂದರೆ ಬಹುತೇಕ ಬರೀ ‘ಬೂರ್ಗೋನ್ಯ್’ ಎಂಬ ಹೆಸರಿನದು. ಇಪ್ಪತ್ತು ಹೆಜ್ಜೆ ಅಂತರದಲ್ಲಿ ಬಾಟಲಿಯ ಬೆಲೆ ಹತ್ತು ಪಟ್ಟಾಗುವ ಗುಟ್ಟು ಈ ಇಳಿಜಾರಿನಲ್ಲಿದೆ. ನಂದಿಬೆಟ್ಟದ ಸುತ್ತಿನ ಬೆಂಗಳೂರು ನೀಲಿ ದ್ರಾಕ್ಷಿಯ ಎತ್ತರದ ಚಪ್ಪರ ನೋಡಿದವರಿಗೆ ಇಲ್ಲಿಯ ಸೊಂಟದೆತ್ತರದ ಕುಳ್ಳ ಬಳ್ಳಿ ಕಂಡು ಆಶ್ಚರ್ಯವಾಗುತ್ತದೆ. ಕೆಂಪು ವೈನಿಗೆ ಪಿನೋ ನ್ವಾರ್, ಬಿಳಿಗೆ ಶಾರ್ದೊನೇ, ಹೆಚ್ಚುಕಡಿಮೆ ಈ ಎರಡೇ ತಳಿ.

ಮಾಡಬಾರದ್ದು: ಸಾಲುಗಳ ನಡುವೆ ಇಳಿಯಬೇಡಿ. ಬೇಲಿ ಇಲ್ಲ ಎಂದರೆ ಎಲ್ಲರದ್ದೂ ಎಂದಲ್ಲ. ಹಣ್ಣು ಕೀಳಬೇಡಿ, ಒಂದು ಗೊಂಚಲಾದರೂ ಅದು ಕಳವು. ಕಲ್ಲಿನ ಗೋಡೆ ಹತ್ತಿ ಕೂರಬೇಡಿ, ಗಾರೆಯಿಲ್ಲದೆ ಜೋಡಿಸಿದ ಕಲ್ಲು ಜಾರುತ್ತದೆ. ವೋನ್ ಹಳ್ಳಿಯ ಜಗತ್ಪ್ರಸಿದ್ಧ ರೊಮಾನೆ-ಕೋಂತಿ ತೋಟ, ಎರಡು ಹೆಕ್ಟೇರಿಗೂ ಕಡಿಮೆ ಇರುವ ಆ ತುಂಡು, ನೋಡಲು ಹೋದರೆ ರಸ್ತೆಯಲ್ಲೇ ನಿಲ್ಲಿ. ಒಳಗೆ ಬರಬೇಡಿ ಎಂಬ ಮನವಿ ಗೋಡೆಯ ಮೇಲೇ ಇದೆ.

ಎಚ್ಚರಿಕೆಯ ಗುರುತು: ಎತ್ತರ ಕಾಲಿನ ಟ್ರ್ಯಾಕ್ಟರ್ ಸಾಲಿನ ಮೇಲೆ ಮಂಜಿನಂತೆ ಏನೋ ಚಿಮ್ಮಿಸುತ್ತಿದ್ದರೆ ಅದು ಔಷಧಿ. ಗಾಳಿ ಬೀಸುವ ದಿಕ್ಕು ನೋಡಿ ದೂರ ಸರಿಯಿರಿ, ಮಕ್ಕಳನ್ನು ಮೊದಲು. ಹಳ್ಳಿಯ ಕಾರಂಜಿಯ ಮೇಲೆ ‘ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಆ ನೀರು ಕುಡಿಯುವಂಥದ್ದಲ್ಲ. ದಾರಿಯಲ್ಲಿ ನೆರಳಿಲ್ಲ. ಬೇಸಿಗೆಯಲ್ಲಿ ತಲೆಗೆ ಟೋಪಿ, ತಲಾ ಎರಡು ಲೀಟರ್ ನೀರು ಇಲ್ಲದೆ ಹೊರಡಬೇಡಿ.

8. ರುಚಿ ನೋಡುವ ಕ್ರಮ

ಬಾಗಿಲಲ್ಲಿ ಮೊದಲು ‘ಬೋಂಜೂರ್’. ಈ ಒಂದು ಮಾತು ಬಿಟ್ಟು ನೇರ ಪ್ರಶ್ನೆಗೆ ಇಳಿದರೆ ಎದುರಿನವರ ಮುಖ ಗಂಟಿಕ್ಕುತ್ತದೆ. ಕಾಲಿಗೆ ಜಾರದ ಬೂಟು, ಮೈಗೆ ಸ್ವೆಟರ್ ಇರಲಿ. ಹೊರಗೆ ಎಷ್ಟೇ ಸೆಕೆಯಿದ್ದರೂ ನೆಲಮಾಳಿಗೆ 12 ಡಿಗ್ರಿಯ ಆಸುಪಾಸು. ಅಂದು ಸೆಂಟು, ಅತ್ತರು ಹಾಕಿಕೊಳ್ಳಬೇಡಿ. ನಿಮ್ಮದಷ್ಟೇ ಅಲ್ಲ, ಪಕ್ಕದವರ ಮೂಗೂ ಕೆಡುತ್ತದೆ. ಬರುವ ಮುಂಚೆ ಕಾಫಿ, ಪೆಪ್ಪರ್‌ಮಿಂಟು, ಎಲೆಯಡಿಕೆ ಯಾವುದೂ ಬೇಡ. ಹೊಟ್ಟೆ ಖಾಲಿಯೂ ಬೇಡ.

ಅವರು ಸುರಿಯುವುದು ಒಂದೆರಡು ಗುಟುಕು. ಮೊದಲು ನೋಡಿ, ಆಮೇಲೆ ಮೂಸಿ, ಆಮೇಲೆ ಬಾಯಿಗೆ. ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಉಗುಳುವುದು ಅವಮಾನ ಎಂದುಕೊಂಡು ಎಲ್ಲವನ್ನೂ ನುಂಗಿ, ಆರನೇ ಲೋಟಕ್ಕೆ ತಲೆ ಹಿಡಿದುಕೊಂಡು ಕೂತವರನ್ನು ಕಂಡಿದ್ದೇನೆ. ಇಲ್ಲಿ ಉಗುಳುವವನೇ ತಿಳಿದವನು.

ಮದ್ಯ ಮುಟ್ಟದವರು ಜೊತೆಗೆ ಬರಬಾರದೆಂದೇನಿಲ್ಲ. ನಮ್ಮ ಅಮ್ಮ ಒಂದು ಹನಿ ಕುಡಿಯದೆ, ಪೀಪಾಯಿಯ ಓಕ್ ಮರದ ವಾಸನೆ, ಗೋಡೆಯ ಕಪ್ಪು ಬೂಷ್ಟು, ಆ ಮನೆಯವರ ಮಾತು ಎಲ್ಲವನ್ನೂ ಇಂದಿಗೂ ನೆನೆಸಿಕೊಳ್ಳುತ್ತಾರೆ. ಇಮೇಲ್‌ನಲ್ಲೇ ‘ಇಬ್ಬರು ಕುಡಿಯುವುದಿಲ್ಲ’ ಎಂದು ತಿಳಿಸಿ. 18 ವರ್ಷದೊಳಗಿನವರಿಗೆ ಕೊಡುವುದಿಲ್ಲ, ಕೇಳಲೂ ಬೇಡಿ.

ಕೊಳ್ಳುವಾಗ ಆಗುವ ದೊಡ್ಡ ತಪ್ಪು ಹೆಸರಿನದು. ಹಳ್ಳಿಗಳು ತಮ್ಮ ಅತ್ಯುತ್ತಮ ತೋಟದ ಹೆಸರನ್ನು ಊರಿನ ಹೆಸರಿಗೆ ಜೋಡಿಸಿಕೊಂಡಿವೆ. ಜೆವ್ರೆ ಎಂಬ ಊರು 1847ರಲ್ಲಿ ಜೆವ್ರೆ-ಶಾಂಬೆರ್ತಾಂ ಆಯಿತು. ಆದ್ದರಿಂದ ಲೇಬಲ್ಲಿನಲ್ಲಿ ‘ಜೆವ್ರೆ-ಶಾಂಬೆರ್ತಾಂ’ ಎಂದರೆ ಊರಿನ ವೈನ್, ಬರೀ ‘ಶಾಂಬೆರ್ತಾಂ’ ಎಂದರೆ ಗ್ರಾಂ ಕ್ರು. ಪುಲಿನ್ಯಿ-ಮೋಂರಾಶೆಯದೂ ಇದೇ ಕಥೆ. ದರ್ಜೆ ಏನೆಂದು ಲೇಬಲ್ಲಿನಲ್ಲಿ ಓದಿ, ಹೆಸರು ಕೇಳಿ ಹಣ ಕೊಡಬೇಡಿ. ಕೈಗೆಟಕುವ ಬೆಲೆಯಲ್ಲಿ ಒಳ್ಳೆಯದು ಬೇಕೆಂದರೆ ‘ಅಲಿಗೊತೆ’ ಎಂಬ ಬಿಳಿ ವೈನ್ ಕೇಳಿ. ಶುಲ್ಕವಿಲ್ಲದೆ ಗಂಟೆಗಟ್ಟಲೆ ರುಚಿ ತೋರಿಸಿದ ಮನೆಯಲ್ಲಿ ಒಂದೆರಡು ಬಾಟಲಿ ಕೊಳ್ಳುವುದು ಮರ್ಯಾದೆ.

9. ಊಟ

ಅಡುಗೆಮನೆ ಮಧ್ಯಾಹ್ನ 12ಕ್ಕೆ ತೆರೆದು, ಒಂದೂವರೆ ಮೇಲೆ ಬಂದವರನ್ನು ವಾಪಸು ಕಳಿಸುತ್ತದೆ. ರಾತ್ರಿ 7ಕ್ಕೆ ಮುಂಚೆ ಏನೂ ಇಲ್ಲ. ಈ ಎರಡು ಹೊತ್ತು ನೆನಪಿಟ್ಟುಕೊಂಡರೆ ಅರ್ಧ ತೊಂದರೆ ಮುಗಿಯಿತು.

ಸಸ್ಯಾಹಾರಿಗಳಿಗೆ ಬರ್ಗಂಡಿ ಕಷ್ಟದ ಸೀಮೆ. ದನದ ಮಾಂಸ, ಬಸವನಹುಳು, ಹಂದಿಮಾಂಸ ಇಲ್ಲಿಯ ಹೆಮ್ಮೆ. ಮೊಟ್ಟೆ ತಿನ್ನುವವರು ‘ಅಫ್ ಆಂ ಮರೆತ್’ ನೋಡಿ ಆಸೆಪಡುತ್ತಾರೆ. ಕೆಂಪು ವೈನ್ ಸಾರಿನಲ್ಲಿ ಬೇಯಿಸಿದ ಮೊಟ್ಟೆ ಅದು, ಆದರೆ ಸಾರಿನಲ್ಲಿ ಹಂದಿಮಾಂಸದ ಚೂರು ಇರುತ್ತದೆ. ಚೂರಿಗೆ ‘ಲಾರ್ದೋಂ’ ಎನ್ನುತ್ತಾರೆ. ಸೊಪ್ಪಿನ ಸಲಾಡಿನಲ್ಲೂ ಅದು ಅಡಗಿರುತ್ತದೆ. ‘ಸಾಂ ವ್ಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ’ (ಮಾಂಸ ಬೇಡ, ಮೀನು ಬೇಡ, ಹಂದಿಚೂರು ಬೇಡ) ಎಂದು ಮೂರನ್ನೂ ಬಿಡಿಬಿಡಿಯಾಗಿ ಹೇಳಿ. ಬರೀ ‘ವೆಜ್’ ಎಂದರೆ ಮೀನು ತಂದಿಡುವವರಿದ್ದಾರೆ. ಜಾಗ ಕಾದಿರಿಸುವಾಗಲೇ ತಿಳಿಸಿದರೆ ಏನಾದರೂ ಮಾಡಿಕೊಡುತ್ತಾರೆ, ಬಂದು ಕೂತ ಮೇಲೆ ಕೇಳಿದರೆ ಆಗುವುದಿಲ್ಲ.

‘ಗೂಜೇರ್’ ಎಂಬ ಚೀಸ್ ಉಬ್ಬುಗಳು, ಸಂತೆಯ ಕೋಂತೆ ಚೀಸ್, ಡಿಜೋನ್‌ನ ಸಾಸಿವೆ, ಮಸಾಲೆಯ ಜೇನುರೊಟ್ಟಿ ‘ಪ್ಯಾಂ ದೆಪೀಸ್’ ಎಲ್ಲ ರುಚಿ. ಗೂಜೇರ್, ಜೇನುರೊಟ್ಟಿಗಳಲ್ಲಿ ಮೊಟ್ಟೆ ಇರುತ್ತದೆ. ಕಟ್ಟುನಿಟ್ಟಿನವರು ನೆನಪಿಡಿ, ಇಲ್ಲಿಯ ಹಳೇ ಪದ್ಧತಿಯ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯ ರಸದಿಂದ. ಅಂಥವರು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಬನ್ನಿ, ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಇದೆಯೇ ಎಂದು ಮೊದಲೇ ಕೇಳಿ. ‘ಯುನ್ ಕರಾಫ್ ದೋ’ ಎಂದರೆ ನಲ್ಲಿನೀರಿನ ಹೂಜಿ ಬರುತ್ತದೆ, ಅದಕ್ಕೆ ದುಡ್ಡಿಲ್ಲ.

10. ಹಬ್ಬದ ದಿನ

ಜನವರಿಯ ಹಬ್ಬವಾದರೆ ಶನಿವಾರ ಬೆಳಿಗ್ಗೆ ಬೇಗ ಹೋಗಬೇಕು. ಊರೂರಿನ ಬೆಳೆಗಾರ ಸಂಘದವರು ತಮ್ಮ ತಮ್ಮ ಸಂತನ ಮರದ ಮೂರ್ತಿ, ಬಾವುಟ ಹೊತ್ತು ಮೆರವಣಿಗೆ ಬರುತ್ತಾರೆ. ಉತ್ಸವಮೂರ್ತಿ ಹೊತ್ತು ಬೀದಿ ಸುತ್ತುವುದನ್ನು ನೋಡಿ ಬೆಳೆದ ನಮಗೆ ಇದು ಬೇಗ ಮನಸ್ಸಿಗೆ ಹತ್ತುತ್ತದೆ. ಆಮೇಲೆ ಚರ್ಚಿನಲ್ಲಿ ಪೂಜೆ. ಮಧ್ಯಾಹ್ನ ಬಂದವರಿಗೆ ಇದಾವುದೂ ಇಲ್ಲ, ಕುಡಿಯುವ ಸಾಲು ಮಾತ್ರ. ಹಳ್ಳಿಯವರು ತಿಂಗಳುಗಟ್ಟಲೆ ಕೂತು ಕಾಗದದ ಹೂವು ಮಾಡಿ ಬೀದಿ ಸಿಂಗರಿಸಿರುತ್ತಾರೆ. ಅದನ್ನೂ ಬೆಳಗಿನ ಖಾಲಿ ಬೀದಿಯಲ್ಲೇ ನೋಡಬೇಕು.

ರುಚಿ ನೋಡಲು ಲೋಟ ಮತ್ತು ಚೀಟಿಗಳನ್ನು ಕೊಳ್ಳಬೇಕು, ಮುಂಗಡ ಸಿಗುತ್ತಿದ್ದರೆ ಮುಂಗಡವೇ ಕೊಳ್ಳಿ. ಹಳ್ಳಿಯೊಳಗೆ ಕಾರು ಬಿಡುವುದಿಲ್ಲ. ಸೊನ್ನೆ ಡಿಗ್ರಿಯ ಚಳಿ, ನೆಲದಲ್ಲಿ ಕೆಸರು. ದಪ್ಪ ಅಟ್ಟೆಯ ಬೂಟು, ಉಣ್ಣೆ ಕಾಲುಚೀಲ ಎರಡು ಜೊತೆ, ಕೈಗವಸು ಬೇಕೇಬೇಕು.

ನವೆಂಬರ್ ಹರಾಜಿನ ವಾರಾಂತ್ಯದಲ್ಲಿ ಶನಿವಾರ ಬೋನ್‌ನಲ್ಲಿ ಅರ್ಧ ಮ್ಯಾರಥಾನ್ ಓಟವೂ ಇರುತ್ತದೆ, ಸುತ್ತಲ ರಸ್ತೆಗಳು ಮುಚ್ಚುತ್ತವೆ. ಅಂದು ದೊಮೇನ್ ಭೇಟಿ ಇಟ್ಟುಕೊಳ್ಳಬೇಡಿ. ಓತೆಲ್-ದ್ಯುವನ್ನು ಗುರುವಾರ ಅಥವಾ ಶುಕ್ರವಾರವೇ ನೋಡಿ ಮುಗಿಸಿ. ಸಂಜೆ ಐದಕ್ಕೆ ಕತ್ತಲಾಗುತ್ತದೆ. ಗುಂಪಿನಲ್ಲಿ ತಪ್ಪಿಸಿಕೊಂಡರೆ ಸೇರಲು ಒಂದು ಜಾಗ ಗೊತ್ತುಮಾಡಿ. ಆಸ್ಪತ್ರೆಯ ಬಾಗಿಲು ಬೇಡ, ಅಲ್ಲೇ ಜನ ಹೆಚ್ಚು. ರೈಲು ನಿಲ್ದಾಣದ ಗಡಿಯಾರದ ಕೆಳಗೆ ಎಂದರೆ ಎಲ್ಲರಿಗೂ ಸಿಗುತ್ತದೆ.

11. ಬಾಟಲಿ ಮನೆ ಸೇರುವವರೆಗೆ

ಭಾರತಕ್ಕೆ ಮರಳುವ ವಯಸ್ಕರಿಗೆ ಸುಂಕವಿಲ್ಲದೆ ತರಲು ಅನುಮತಿಯಿರುವ ಮದ್ಯ ತಲಾ 2 ಲೀಟರ್. ಒಂದು ಬಾಟಲಿ 750 ಮಿಲಿಲೀಟರ್. ಅಂದರೆ ತಲಾ ಎರಡು ಬಾಟಲಿ. ಮೂರನೆಯದಕ್ಕೆ ಲೆಕ್ಕ 2.25 ಲೀಟರ್ ಆಗಿ ಮಿತಿ ದಾಟುತ್ತದೆ, ಸುಂಕ ಭಾರಿ. ಮೂರೇ ಬೇಕೆಂದರೆ ಮೂರನೆಯದು ಅರ್ಧ ಬಾಟಲಿಯಾಗಲಿ, 375 ಮಿಲಿಲೀಟರಿನದು, ಆಗ ಲೆಕ್ಕ ಮಿತಿಯೊಳಗೇ ಕೂರುತ್ತದೆ.

ವೈನ್ ಚೆಕ್-ಇನ್ ಪೆಟ್ಟಿಗೆಯಲ್ಲೇ ಹೋಗಬೇಕು, ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲಿ ಕಸದ ಬುಟ್ಟಿ ಸೇರುತ್ತದೆ. ಬಾಟಲಿಯನ್ನು ಮೊದಲು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು, ಆಮೇಲೆ ಜೀನ್ಸ್ ಪ್ಯಾಂಟಿನ ಕಾಲೊಳಗೆ ತೂರಿಸಿ, ಪೆಟ್ಟಿಗೆಯ ನಟ್ಟನಡುವೆ ಬಟ್ಟೆಯಿಂದ ಸುತ್ತುವರಿದು ಇಡಿ. ಅಂಚಿಗೆ, ಗಾಲಿಯ ಹತ್ತಿರ ಬೇಡ. ಎರಡು ಬಾಟಲಿ ಒಂದಕ್ಕೊಂದು ತಾಗಬಾರದು. ಪೆಟ್ಟಿಗೆ ಮುಚ್ಚಿ ಅಲ್ಲಾಡಿಸಿ ನೋಡಿ, ಟಣ್ ಎಂದರೆ ಬಿಚ್ಚಿ ಮತ್ತೆ ಕಟ್ಟಿ.

ಮನೆಗೆ ಬಂದ ಕೂಡಲೇ ತೆರೆಯಬೇಡಿ. ಪ್ರಯಾಣದಲ್ಲಿ ಕುಲುಕಿದ ವೈನನ್ನು ಎರಡು ವಾರ ಅಡ್ಡಲಾಗಿ ಮಲಗಿಸಿ, ಬೆಳಕು ಬೀಳದ, ಮನೆಯಲ್ಲೇ ಅತಿ ತಂಪಾದ ಮೂಲೆಯಲ್ಲಿಡಿ. ಬೆಂಗಳೂರು ಮೈಸೂರಿನ ಏಪ್ರಿಲ್ ಸೆಕೆ ಬರುವ ಮುಂಚೆ ಕುಡಿದು ಮುಗಿಸುವುದು ಮೇಲು. ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಒಲೆಯ ಶಾಖ ತಗಲುವ ಕಡೆ ಮಾತ್ರ ಇಡಲೇಬೇಡಿ.